ಇಂಗ್ಲಿಷ್‌ನಲ್ಲಿ ‘ಡು–ಡಝ್’ ಹಾಕಿ ಕೇಳುವುದು, ಉತ್ತರ ಕೊಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಮಾತಾಡುವುದನ್ನು ಹೇಳಿಕೊಡುತ್ತೇನೆ. ಭಾನುವಾರ ಮೈಸೂರಿನಲ್ಲೂ ಒಂದು ತರಗತಿ ಇದೆ. ಆಟೊ ಓಡಿಸುವವರು, ಅಂಗಡಿ ಇಟ್ಟವರು, ಇಂಟರ್‌ವ್ಯೂಗೆ ಹೊರಟ ಹುಡುಗರು, ಮೊಮ್ಮಗನ ಹೋಮ್‌ವರ್ಕ್ ನೋಡಬೇಕಾದ ಅಜ್ಜಿಯರು, ಎಲ್ಲರೂ ಬರುತ್ತಾರೆ. ಯಾರು ಏನೇ ಕೇಳಿದರೂ ಒಂದು ನೋಟ್‌ಬುಕ್ಕಿನಲ್ಲಿ ಅವರ ಮಾತಲ್ಲೇ ಬರೆದಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಕಾಗದದಲ್ಲಿ, ವಾಟ್ಸಾಪಿನಲ್ಲಿ ಬಂದವೂ ಅದರಲ್ಲಿವೆ. ಜಾಸ್ತಿ ಸಲ ಬಂದ ಪ್ರಶ್ನೆಗಳನ್ನು ಇಲ್ಲಿ ಜೋಡಿಸಿದ್ದೇನೆ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಓದುವಾಗ ಜೋರಾಗಿ ಬಾಯಲ್ಲಿ ಹೇಳಿಕೊಳ್ಳಿ.

## ಶುರುವಿನಲ್ಲೇ ಬರುವ ಪ್ರಶ್ನೆಗಳು

ಸಾ, ಸಿಂಪಲ್ ಪ್ರೆಸೆಂಟ್ ಅಂದ್ರೆ ಈಗ ನಡೀತಾ ಇರೋದು ಅಂತ ಅಲ್ವಾ?

ಅಲ್ಲ. ಆ ಹೆಸರೇ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ‘ಐ ಡ್ರಿಂಕ್ ಕಾಫಿ’ ಅಂದರೆ ಈಗ ಲೋಟ ಕೈಯಲ್ಲಿದೆ ಅಂತ ಅಲ್ಲ, ನನಗೆ ಕಾಫಿ ಕುಡಿಯುವ ಅಭ್ಯಾಸ ಇದೆ ಅಂತ. ಲೋಟ ಕೈಯಲ್ಲಿದ್ದರೆ ‘ಐ ಆಮ್ ಡ್ರಿಂಕಿಂಗ್ ಕಾಫಿ’. ನಮ್ಮಲ್ಲೂ ‘ಕುಡಿಯುತ್ತೇನೆ’ ಬೇರೆ, ‘ಕುಡಿಯುತ್ತಾ ಇದ್ದೇನೆ’ ಬೇರೆ. ಅಷ್ಟೇ ವ್ಯತ್ಯಾಸ.

ದಿನಾ ಮಾಡುವ ಕೆಲಸ, ಯಾವಾಗಲೂ ನಿಜವಾಗಿರುವ ಸಂಗತಿ, ಇಷ್ಟ–ಕಷ್ಟ, ಇರುವ ಊರು, ಮಾಡುವ ಉದ್ಯೋಗ, ಇವೆಲ್ಲ ಸಿಂಪಲ್ ಪ್ರೆಸೆಂಟ್. ಒಂದು ಕಡೆ ಮಾತ್ರ ಹುಷಾರಾಗಿರಿ. ಕನ್ನಡದ ‘ಹೋಗ್ತೀನಿ’ ದಿನಾ ಹೋಗುವುದಕ್ಕೂ ಆಗುತ್ತದೆ, ನಾಳೆ ಹೋಗುವುದಕ್ಕೂ ಆಗುತ್ತದೆ. ಹಾಗಂತ ನಾಳೆಯ ಮಾತಿಗೆ ‘ಐ ಗೋ ಟು ಮೈಸೂರು ಟುಮಾರೊ’ ಅಂದರೆ ಕೇಳುವವರಿಗೆ ಎಡವಿದ ಹಾಗೆ ಆಗುತ್ತದೆ. ಅಲ್ಲಿ ‘ಐ ಆಮ್ ಗೋಯಿಂಗ್’ ಅನ್ನಿ, ಇಲ್ಲವೇ ‘ಐ ವಿಲ್ ಗೋ’ ಅನ್ನಿ.

ನಮ್ದು ‘ಬರ್ತೀರಾ?’ ಅಂತ ಒಂದೇ ಮಾತಲ್ಲಿ ಮುಗೀತದೆ. ಅವರು ಅದ್ಯಾಕೆ ಸುಮ್ನೆ ಈ ‘ಡು’ ತಂದು ಇಟ್ಟವ್ರೆ?

ಇಡೀ ಪಾಠ ಈ ಪ್ರಶ್ನೆಯಲ್ಲೇ ಇದೆ. ಕನ್ನಡದಲ್ಲಿ ಪ್ರಶ್ನೆ ಇರುವುದು ಬಾಲದಲ್ಲಿ. ‘ಬರ್ತೀರಿ’ ಅನ್ನುವುದನ್ನು ‘ಬರ್ತೀರಾ’ ಅಂತ ಎಳೆದರೆ ಪ್ರಶ್ನೆ ಆಯಿತು. ಕೇಳುವವನು ಕೊನೆಯವರೆಗೂ ಕಾಯಬೇಕು. ಇಂಗ್ಲಿಷ್‌ನಲ್ಲಿ ಪ್ರಶ್ನೆ ಇರುವುದು ತಲೆಯಲ್ಲಿ. ‘ಡು’ ಅಂತ ಬಾಯಿ ತೆಗೆದ ಕೂಡಲೇ ಎದುರಿನವನಿಗೆ ‘ಓ, ಏನೋ ಕೇಳುತ್ತಿದ್ದಾನೆ’ ಅಂತ ಗೊತ್ತಾಗುತ್ತದೆ. ನಮ್ಮ ‘ಆ’ ಮಾಡುವ ಕೆಲಸವನ್ನೇ ಅವರ ‘ಡು’ ಮಾಡುತ್ತದೆ. ಅದಕ್ಕೆ ಅಲ್ಲಿ ಬೇರೆ ಅರ್ಥವೇ ಇಲ್ಲ. ‘ಡು ಅಂದ್ರೆ ಮಾಡು, ಹಾಗಾದ್ರೆ ಡು ಯು ಕಮ್ ಅಂದ್ರೆ ಮಾಡು ನೀನು ಬಾ ಅಂತನಾ’ ಅಂತ ಒಬ್ಬರು ತಲೆ ಕೆಡಿಸಿಕೊಂಡಿದ್ದರು. ಬೇಡ, ಅಲ್ಲಿ ಅರ್ಥ ಹುಡುಕಬೇಡಿ.

ಇಂಗ್ಲಿಷ್‌ನವರಿಗೂ ಇದು ಮೊದಲಿನಿಂದ ಇದ್ದದ್ದಲ್ಲ. ಹಳೆಯ ಇಂಗ್ಲಿಷ್‌ನಲ್ಲಿ ಕ್ರಿಯಾಪದವನ್ನೇ ಎತ್ತಿ ಮುಂದೆ ಇಟ್ಟು ಕೇಳುತ್ತಿದ್ದರು, ‘ಕಮ್ ಯು?’ ಅನ್ನುವ ಹಾಗೆ. ಸುಮಾರು 400 ವರ್ಷದ ಹಿಂದೆ, ಷೇಕ್ಸ್‌ಪಿಯರ್ ಬರೆಯುತ್ತಿದ್ದ ಕಾಲದಲ್ಲಿ, ಹಳೆಯ ರೀತಿ ಮತ್ತು ‘ಡು’ ರೀತಿ ಎರಡೂ ಒಟ್ಟಿಗೆ ನಡೆಯುತ್ತಿದ್ದವು. ಆಮೇಲೆ ‘ಡು’ ಗೆದ್ದಿತು.

ಡು ಯಾರಿಗೆ, ಡಝ್ ಯಾರಿಗೆ?

ಐ, ಯು, ವಿ, ದೇ ಬಂದರೆ ಡು. ಹೀ, ಶೀ, ಇಟ್ ಬಂದರೆ ಡಝ್. ಹೆಸರು ಬಂದರೆ ಅದನ್ನು ಹೀ, ಶೀ, ಇಟ್, ದೇ ಮಾಡಿ ನೋಡಿ. ‘ದ ಬಸ್’ ಅಂದರೆ ಇಟ್, ಅದಕ್ಕೆ ‘ಡಝ್ ದ ಬಸ್ ಸ್ಟಾಪ್ ಹಿಯರ್?’. ‘ದ ಬಸಸ್’ ಅಂದರೆ ದೇ, ಅದಕ್ಕೆ ‘ಡು ದ ಬಸಸ್ ಸ್ಟಾಪ್ ಹಿಯರ್?’. ಇಷ್ಟೇ.

‘ಹೀ ವರ್ಕ್ಸ್’ ಅಂತ ಕಲಿಸಿದ್ರಿ. ಪ್ರಶ್ನೆ ಮಾಡಿದ್ರೆ ‘ಡಝ್ ಹೀ ವರ್ಕ್’ ಅಂತೀರಿ. ಆ ‘ಎಸ್’ ಎಲ್ಲಿಗೆ ಹೋಯ್ತು?

ಎಲ್ಲಿಗೂ ಹೋಗಿಲ್ಲ, ‘ಡು’ ಮೇಲೆ ಕೂತಿದೆ. ಡು ಜೊತೆ ಎಸ್ ಸೇರಿಯೇ ಡಝ್ ಆಗಿದ್ದು. ಒಂದು ಬಸ್ಸಿಗೆ ಒಬ್ಬರೇ ಕಂಡಕ್ಟರ್. ಅವರು ಮುಂದಿನ ಬಾಗಿಲಿಗೆ ಬಂದಿದ್ದರೆ ಹಿಂದಿನ ಬಾಗಿಲಲ್ಲಿ ಇರುವುದಿಲ್ಲ. ‘ಡಝ್ ಹೀ ವರ್ಕ್ಸ್?’ ಅಂದರೆ ಇಬ್ಬರು ಕಂಡಕ್ಟರ್ ಆಯಿತು. ‘ಡು ಹೀ ವರ್ಕ್?’ ಅಂದರೆ ಒಬ್ಬರೂ ಇಲ್ಲ. ಉತ್ತರಕ್ಕೆ ಬಂದಾಗ ಡಝ್ ಇಳಿದುಹೋಗುತ್ತದೆ, ಎಸ್ ಮತ್ತೆ ಹಿಂದಿನ ಬಾಗಿಲಿಗೆ ಹೋಗುತ್ತದೆ: ‘ಹೀ ವರ್ಕ್ಸ್ ಇನ್ ಅ ಬ್ಯಾಂಕ್’.

ತರಗತಿಯಲ್ಲಿ ಜಾಸ್ತಿ ತಪ್ಪಾಗುವುದು ಪ್ರಶ್ನೆಯಲ್ಲಿ ಅಲ್ಲ, ಉತ್ತರದಲ್ಲಿ. ಡಝ್ ಹಾಕಿ ಸರಿಯಾಗಿ ಕೇಳುತ್ತಾರೆ. ಉತ್ತರ ಕೊಡುವವರು ‘ಹೀ ವರ್ಕ್ ಇನ್ ಅ ಬ್ಯಾಂಕ್’ ಅಂದುಬಿಡುತ್ತಾರೆ. ಕಿವಿಗೆ ಕೊನೆಗೆ ಕೇಳಿಸಿದ್ದು ಬರೀ ‘ವರ್ಕ್’ ಅಲ್ವಾ, ಅದಕ್ಕೆ.

ನಮ್ಮಪ್ಪ ‘ಬರ್ತಾರೆ’ ಅಂತೀವಿ. ‘ಹೀ ಕಮ್ಸ್’ ಅಂದ್ರೆ ಅಪ್ಪನ್ನ ‘ಬರ್ತಾನೆ’ ಅಂದ ಹಾಗೆ ಆಗಲ್ವಾ ಸಾ?

ಪಾಂಡವಪುರ ಕಡೆಯ ಹುಡುಗಿಯೊಬ್ಬಳು ಇದನ್ನು ಕೇಳಿದಾಗ ನನಗೆ ಬಹಳ ದಿನದ ಒಂದು ಗಂಟು ಬಿಚ್ಚಿಕೊಂಡಿತು. ‘ಮೈ ಬ್ರದರ್ ಗೋಸ್’ ಅಂತ ಸರಿಯಾಗಿ ಹೇಳುವವರೇ ‘ಮೈ ಫಾದರ್ ಗೋ’ ಅನ್ನುತ್ತಿದ್ದರು. ಯಾಕೆ ಅಂತ ನನಗೆ ತಿಳಿದಿರಲಿಲ್ಲ. ತಮ್ಮನಿಗೆ ಮನಸ್ಸಿನಲ್ಲಿ ‘ಹೋಗ್ತಾನೆ’ ಬರುತ್ತದೆ. ಅಪ್ಪನಿಗೆ ‘ಹೋಗ್ತಾರೆ’ ಬರುತ್ತದೆ. ‘ತಾರೆ’ ಬಂದ ಕೂಡಲೇ ಒಳಗೆ ಅದು ಬಹುವಚನ ಆಗಿ, ಎಸ್ ಬಿದ್ದುಹೋಗುತ್ತದೆ. ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಮೈ ಫಾದರ್, ದೇ ಆರ್ ಅ ಫಾರ್ಮರ್’ ಅನ್ನುತ್ತಾರೆ.

ಇಂಗ್ಲಿಷ್‌ನಲ್ಲಿ ಗೌರವಕ್ಕೆ ಬಹುವಚನ ಇಲ್ಲ. ಅಪ್ಪ, ತಾತ, ಮೇಷ್ಟ್ರು, ಮಹಾರಾಜರು, ಎಲ್ಲರೂ ಒಬ್ಬೊಬ್ಬರೇ ಆದರೆ ಹೀ. ಅಮ್ಮ, ಅತ್ತೆ, ಡಾಕ್ಟರಮ್ಮ, ಎಲ್ಲರೂ ಶೀ. ಅದರಲ್ಲಿ ಅವಮಾನ ಏನೂ ಇಲ್ಲ, ಯಾಕೆಂದರೆ ‘ಹೀ’ ಅಂದರೆ ‘ಅವನು’ ಅಂತಲೂ ಅಲ್ಲ, ‘ಅವರು’ ಅಂತಲೂ ಅಲ್ಲ, ಎರಡೂ ಹೌದು. ಗೌರವ ತೋರಿಸುವುದು ದನಿಯಲ್ಲಿ, ‘ಸರ್’ ‘ಮೇಡಂ’ಗಳಲ್ಲಿ. ಆದ್ದರಿಂದ ಎಣಿಸಿ ನೋಡಿ. ಒಬ್ಬರೇನಾ? ಹಾಗಾದರೆ ಡಝ್. ‘ಡಝ್ ಯುವರ್ ಫಾದರ್ ಗ್ರೋ ಶುಗರ್‌ಕೇನ್?’ ‘ಎಸ್, ಹೀ ಡಝ್.’ ಅದೇ ಹುಡುಗಿ ಆಮೇಲೆ ಒಂದು ವಾರ ಅಪ್ಪನ ಮುಂದೆ ‘ಹೀ’ ಅನ್ನಲಿಲ್ಲವಂತೆ.

‘ಆರ್ ಯು ಗೋ?’ ಅಂತೀನಿ, ಮಗಳು ನಗ್ತಾಳೆ. ‘ಡು ಯು ರೆಡಿ?’ ಅಂದ್ರೂ ನಗ್ತಾಳೆ. ಎಲ್ಲಿ ಯಾವುದು?

ಆಮ್–ಇಸ್–ಆರ್ ಒಂದು ಗಾಡಿ, ಡು–ಡಝ್ ಇನ್ನೊಂದು ಗಾಡಿ. ಎರಡಕ್ಕೂ ಒಟ್ಟಿಗೆ ಕಾಲು ಹಾಕಿದರೆ ಬೀಳುತ್ತೇವೆ. ಯಾವುದು ಹತ್ತಬೇಕು ಅಂತ ತಿಳಿಯಲು ಕನ್ನಡ ವಾಕ್ಯವನ್ನೇ ಒಮ್ಮೆ ನೋಡಿ. ‘ನೀವು ಟೀಚರ್ರಾ?’ ಇದರಲ್ಲಿ ಕ್ರಿಯಾಪದ ಇದೆಯಾ? ಇಲ್ಲ. ‘ಇದು ಮೈಸೂರು ಪಾಕಾ?’ ಇಲ್ಲ. ‘ಅವರು ನಿಮ್ಮ ಅಕ್ಕಾನಾ?’ ಇಲ್ಲ. ಹೀಗೆ ಕನ್ನಡದಲ್ಲಿ ಕ್ರಿಯಾಪದವೇ ಇಲ್ಲದ ಕಡೆ ಇಂಗ್ಲಿಷ್ ಆಮ್–ಇಸ್–ಆರ್ ಕೇಳುತ್ತದೆ: ‘ಆರ್ ಯು ಅ ಟೀಚರ್?’, ‘ಇಸ್ ದಿಸ್ ಮೈಸೂರು ಪಾಕ್?’. ಕುಡಿಯುವುದು, ಹೋಗುವುದು, ಮಾರುವುದು ಅಂತ ಕೆಲಸ ಇದ್ದರೆ ಡು–ಡಝ್.

ಎರಡು ಕಡೆ ಈ ಪರೀಕ್ಷೆ ಕೈಕೊಡುತ್ತದೆ, ಅವನ್ನು ಬಾಯಿಪಾಠ ಮಾಡುವುದೇ ಸರಿ. ಒಂದು, ಗೊತ್ತು, ಬೇಕು, ಇಷ್ಟ. ಇವು ನೋಡಲು ಕ್ರಿಯಾಪದದ ಹಾಗಿಲ್ಲ. ಇಂಗ್ಲಿಷ್‌ನಲ್ಲಿ ಮಾತ್ರ ಪೂರ್ತಿ ಕ್ರಿಯಾಪದಗಳು: ‘ಡು ಯು ವಾಂಟ್ ಟೀ?’, ‘ಡು ಯು ಲೈಕ್ ಮುದ್ದೆ?’. ಇನ್ನೊಂದು, ಹಸಿವು, ಬಾಯಾರಿಕೆ, ಸುಸ್ತು. ನಮಗೆ ಹಸಿವು ‘ಆಗುತ್ತದೆ’, ಅವರಿಗೆ ಅದು ಬರೀ ಸ್ಥಿತಿ: ‘ಆರ್ ಯು ಹಂಗ್ರಿ?’.

‘ಚೇಂಜ್ ಇಸ್ ದೇರ್?’ ಅಂತ ಕೇಳಿದ್ರೆ ಎಲ್ಲರೂ ಕೊಡ್ತಾರೆ. ತಪ್ಪು ಅಂತ ಯಾಕಂತೀರಿ?

ಚಿಲ್ಲರೆ ಸಿಕ್ಕರೆ ಸಾಕು ಅಂದರೆ ತಪ್ಪಲ್ಲ, ನಮ್ಮೂರಲ್ಲಿ ಆರಾಮಾಗಿ ನಡೆಯುತ್ತದೆ. ಅದು ‘ಚಿಲ್ಲರೆ ಇದೆಯಾ’ ಅನ್ನುವುದರ ಪಡಿಯಚ್ಚು. ಇಂಟರ್‌ವ್ಯೂ ಅಂದರೆ ಬೇರೆ. ನಮ್ಮ ‘ಇದೆ’ಗೆ ಇಂಗ್ಲಿಷ್‌ನಲ್ಲಿ ಎರಡು ಬಾಗಿಲು. ಯಾರ ಹತ್ತಿರವಾದರೂ ಇದೆಯಾ ಅಂದರೆ ಹ್ಯಾವ್: ‘ಡು ಯು ಹ್ಯಾವ್ ಚೇಂಜ್?’. ಎಲ್ಲಿಯಾದರೂ ಇದೆಯಾ ಅಂದರೆ ದೇರ್: ‘ಇಸ್ ದೇರ್ ಅ ಬಸ್ ಟು ಮೇಲುಕೋಟೆ?’. ‘ನಿಮಗೆ ಎಷ್ಟು ಮಕ್ಕಳಿದ್ದಾರೆ’ ಅನ್ನುವುದೂ ಹ್ಯಾವ್ ಬಾಗಿಲೇ: ‘ಹೌ ಮೆನಿ ಚಿಲ್ಡ್ರನ್ ಡು ಯು ಹ್ಯಾವ್?’.

## ಉತ್ತರ ಕೊಡುವ ವಿಷಯ

‘ಡು ಯು ಲಿವ್ ಇನ್ ಮಂಡ್ಯ?’ ಅಂದಾಗ ‘ಎಸ್, ಐ ಆಮ್’ ಅಂದೆ. ಅವರು ಮುಖ ನೋಡಿದ್ರು. ಯಾಕೆ?

ಡು ಹಾಕಿ ಕೇಳಿದವರಿಗೆ ಡು ಹಾಕಿ ಹೇಳಬೇಕು. ಕನ್ನಡದಲ್ಲಿ ಕೇಳಿದ ಕ್ರಿಯಾಪದವನ್ನೇ ವಾಪಸ್ ಕೊಡುತ್ತೇವೆ: ‘ಬರ್ತೀರಾ?’ ‘ಬರ್ತೀನಿ.’ ಇಂಗ್ಲಿಷ್‌ನಲ್ಲಿ ವಾಪಸ್ ಕೊಡುವುದು ತಲೆಯಲ್ಲಿದ್ದ ಮಾತನ್ನು. ‘ಡು ಯು…?’ ‘ಎಸ್, ಐ ಡು.’ ‘ಡಝ್ ಶೀ…?’ ‘ನೋ, ಶೀ ಡಝಂಟ್.’ ‘ಆರ್ ಯು…?’ ‘ಎಸ್, ಐ ಆಮ್.’ ಪ್ರಶ್ನೆಯ ಮೊದಲ ಮಾತನ್ನು ಕಿವಿಯಲ್ಲಿ ಹಿಡಿದಿಟ್ಟುಕೊಂಡರೆ ಅರ್ಧ ಉತ್ತರ ಸಿಕ್ಕ ಹಾಗೆ.

ಒಂದು ಸೂಕ್ಷ್ಮ. ‘ಐ ಆಮ್’ ಅನ್ನುವುದನ್ನು ‘ಐಮ್’ ಅಂತ ಕುಗ್ಗಿಸುತ್ತಾರಲ್ಲ, ಈ ಚಿಕ್ಕ ಉತ್ತರದ ಕೊನೆಯಲ್ಲಿ ಹಾಗೆ ಕುಗ್ಗಿಸಬಾರದು. ‘ಎಸ್, ಐಮ್’ ಅಂತ ಯಾರೂ ಅನ್ನುವುದಿಲ್ಲ. ‘ಡೋಂಟ್’, ‘ಡಝಂಟ್’ ಮಾತ್ರ ಧಾರಾಳವಾಗಿ ಕುಗ್ಗಬಹುದು.

ಸುಮ್ನೆ ‘ಎಸ್’ ಅಂದ್ರೆ ಸಾಕಲ್ವಾ? ಅಷ್ಟುದ್ದ ಯಾಕೆ?

ಸಾಕು. ಆದರೆ ಬರೀ ‘ಎಸ್’, ಬರೀ ‘ನೋ’ ಅಂದರೆ ಸ್ವಲ್ಪ ಒರಟಾಗಿ ಕೇಳಿಸುತ್ತದೆ, ಮುಖಕ್ಕೆ ಬಾಗಿಲು ಹಾಕಿದ ಹಾಗೆ. ‘ಎಸ್, ಐ ಡು’ ಅಂದರೆ ಮರ್ಯಾದೆ. ಅದರ ಹಿಂದೆ ಇನ್ನೊಂದು ವಾಕ್ಯ ಸೇರಿಸಿದರೆ ಮಾತು ಮುಂದಕ್ಕೆ ಹೋಗುತ್ತದೆ: ‘ಎಸ್, ಐ ಡು. ಐ ಲಿವ್ ನಿಯರ್ ದ ಶುಗರ್ ಫ್ಯಾಕ್ಟರಿ.’

‘ಇಲ್ಲ’ ಅಂತ ಪೂರ್ತಿ ಹೇಳೋದು ಹೆಂಗೆ? ‘ಐ ನಾಟ್ ಡ್ರಿಂಕ್’ ಆಗುತ್ತಾ?

ಆಗಲ್ಲ. ‘ಇಲ್ಲ’ಕ್ಕೂ ಡು ಬೇಕು: ‘ಐ ಡೋಂಟ್ ಡ್ರಿಂಕ್ ಟೀ’, ‘ಶೀ ಡಝಂಟ್ ಡ್ರಿಂಕ್ ಟೀ’. ಇಲ್ಲೂ ಒಬ್ಬರೇ ಕಂಡಕ್ಟರ್, ‘ಡಝಂಟ್ ಡ್ರಿಂಕ್ಸ್’ ಅಲ್ಲ. ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ ಅಂತ ಎಷ್ಟೋ ಪ್ರವಾಸಿಗಳಿಗೆ ಗೊತ್ತಿರುವುದಿಲ್ಲ. ‘ಡಝ್ ದ ಝೂ ಓಪನ್ ಆನ್ ಟ್ಯೂಸ್‌ಡೇಸ್?’ ‘ನೋ, ಇಟ್ ಡಝಂಟ್.’ ಆಟೊದವರು ಇಷ್ಟು ಕಲಿತಿದ್ದರೆ ಅವರ ಒಂದು ಸುತ್ತು ಉಳಿಯುತ್ತದೆ.

‘ಡೋಂಟ್ ಯು ಡ್ರಿಂಕ್ ಕಾಫಿ?’ ಅಂತ ಕೇಳಿದ್ರು. ನಾನು ಕುಡಿಯಲ್ಲ. ‘ಎಸ್’ ಅಂದೆ. ಕಾಫಿ ತಂದು ಇಟ್ಟೇಬಿಟ್ಟರು!

ಪಾಪ. ಇದು ನಿಮ್ಮ ತಪ್ಪಲ್ಲ, ಎರಡು ಭಾಷೆಗಳ ಜಗಳ. ‘ಕಾಫಿ ಕುಡಿಯಲ್ವಾ?’ ಅಂತ ಕನ್ನಡದಲ್ಲಿ ಕೇಳಿದರೆ ನಾವು ‘ಹೂಂ, ಕುಡಿಯಲ್ಲ’ ಅನ್ನುತ್ತೇವೆ. ಆ ‘ಹೂಂ’ ಹೇಳುವುದು ‘ನೀವು ಅಂದುಕೊಂಡದ್ದು ಸರಿ’ ಅಂತ. ನಮ್ಮ ಹೌದು–ಇಲ್ಲ ಕೇಳಿದವರ ಮಾತನ್ನು ನೋಡುತ್ತದೆ. ಇಂಗ್ಲಿಷ್‌ನ ಎಸ್–ನೋ ಕೇಳಿದವರನ್ನು ನೋಡುವುದೇ ಇಲ್ಲ, ನಡೆಯುವ ಸಂಗತಿಯನ್ನು ಮಾತ್ರ ನೋಡುತ್ತದೆ. ಕುಡಿಯುತ್ತೀರಾದರೆ ಎಸ್. ಕುಡಿಯುವುದಿಲ್ಲವಾದರೆ ನೋ. ಡು ಅಂತ ಕೇಳಲಿ, ಡೋಂಟ್ ಅಂತ ಕೇಳಲಿ, ಉತ್ತರ ಬದಲಾಗಲ್ಲ. ‘ಎಸ್, ಐ ಡೋಂಟ್’ ಅನ್ನುವ ಜೋಡಿ ಇಂಗ್ಲಿಷ್‌ನಲ್ಲಿ ಇಲ್ಲ.

ನಾನೂ ಇದರಲ್ಲಿ ಪೆಟ್ಟು ತಿಂದಿದ್ದೇನೆ. ಓದುವ ಕಾಲದಲ್ಲಿ ಮೈಸೂರಿನ ಒಂದು ಲಾಡ್ಜಿನಲ್ಲಿ ಸಂಜೆ ಕೌಂಟರ್ ನೋಡಿಕೊಳ್ಳುತ್ತಿದ್ದೆ. ಹೊರದೇಶದ ಗಂಡ–ಹೆಂಡತಿ ಬಂದು ‘ಡೋಂಟ್ ಯು ಸರ್ವ್ ಡಿನ್ನರ್?’ ಅಂದರು. ಅಲ್ಲಿ ರಾತ್ರಿ ಊಟ ಇರಲಿಲ್ಲ. ‘ಎಸ್ ಸರ್’ ಅಂದೆ, ಖುಷಿಯಾಗಿ. ಅವರು ಹೋಗಿ ಟೇಬಲ್ ಮುಂದೆ ಕೂತರು. ಅರ್ಧ ಗಂಟೆ ಆದ ಮೇಲೆ ಅವರು ಯಾಕೆ ಕೂತಿದ್ದಾರೆ ಅಂತ ನನಗೂ ಗೊತ್ತಾಗಲಿಲ್ಲ, ಊಟ ಯಾಕೆ ಬರಲಿಲ್ಲ ಅಂತ ಅವರಿಗೂ ಗೊತ್ತಾಗಲಿಲ್ಲ. ಗಾಬರಿಯಾದರೆ ಎಸ್–ನೋ ಎರಡನ್ನೂ ಬಿಟ್ಟು ಪೂರ್ತಿ ವಾಕ್ಯ ಹೇಳಿ: ‘ಸಾರಿ ಸರ್, ವಿ ಡೋಂಟ್ ಸರ್ವ್ ಡಿನ್ನರ್.’

‘ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?’ ಅಂದ್ರೆ ಏನು ಹೇಳಬೇಕು?

ಕೂತುಕೊಳ್ಳಲಿ ಅಂತ ಇದ್ದರೆ ‘ನೋ, ಪ್ಲೀಸ್ ಸಿಟ್’. ಮೈಂಡ್ ಅಂದರೆ ಬೇಜಾರು ಮಾಡಿಕೊಳ್ಳುವುದು. ‘ನಿಮಗೇನಾದ್ರೂ ಬೇಜಾರಾ?’ ಅಂತ ಕೇಳುತ್ತಿದ್ದಾರೆ, ‘ಇಲ್ಲ, ಕೂತ್ಕೊಳ್ಳಿ’ ಅನ್ನಬೇಕು. ರೈಲಿನಲ್ಲಿ ನಗುನಗುತ್ತಾ ‘ಎಸ್’ ಅಂದರೆ ಅವರು ನಿಂತೇ ಹೋಗುತ್ತಾರೆ.

## ಏನು, ಎಲ್ಲಿ, ಯಾರು, ಎಷ್ಟು

ವಾಟ್, ವೇರ್, ವೆನ್ ಎಲ್ಲಿ ಕೂರಿಸೋದು?

ಎಲ್ಲಕ್ಕಿಂತ ಮುಂದೆ. ಕನ್ನಡದಲ್ಲಿ ‘ನೀವು ಎಲ್ಲಿ ಇರ್ತೀರಿ’ ಅಂತ ‘ಎಲ್ಲಿ’ ನಡುವೆ ಕೂರುತ್ತದೆ. ಇಂಗ್ಲಿಷ್‌ನಲ್ಲಿ ಅದೂ ತಲೆಗೇ ಹೋಗಬೇಕು, ಅದರ ಹಿಂದೆ ಡು ಅಥವಾ ಡಝ್: ‘ವೇರ್ ಡು ಯು ಲಿವ್?’, ‘ವೆನ್ ಡಝ್ ದ ಪ್ಯಾಲೆಸ್ ಓಪನ್?’. ‘ವೇರ್ ಯು ಲಿವ್?’ ಅಂತ ನಡುವಿನ ಡು ನುಂಗುವುದು ಬಹಳ ಜನರ ಅಭ್ಯಾಸ. ‘ಎಲ್ಲಿ’ ಅಂತ ಬಂದ ಮೇಲೆ ನಮಗೆ ‘ಆ’ ಬೇಡ, ಅದಕ್ಕೇ ಡು ಕೂಡ ಬೇಡ ಅನ್ನಿಸುತ್ತದೆ. ಅವರಿಗೆ ಬೇಕು.

‘ವಾಟ್ ಡು ಯು ಡು?’ ಇದರಲ್ಲಿ ಎರಡು ಡು ಯಾಕೆ? ಇದಕ್ಕೆ ‘ಐ ಆಮ್ ಸಿಟ್ಟಿಂಗ್’ ಅಂದ್ರೆ ನಕ್ಕರು.

ಮೊದಲನೇ ಡು ಬರೀ ಪ್ರಶ್ನೆಯ ಗುರುತು. ಎರಡನೆಯದು ನಿಜವಾದ ‘ಮಾಡು’. ಒಟ್ಟು ಅರ್ಥ ‘ನೀವು ಏನು ಕೆಲಸ ಮಾಡ್ಕೊಂಡಿದ್ದೀರಿ?’ ಅಂತ. ಈಗ ಏನು ಮಾಡ್ತಾ ಇದ್ದೀರಿ ಅಂತ ಕೇಳಬೇಕಾದರೆ ‘ವಾಟ್ ಆರ್ ಯು ಡೂಯಿಂಗ್?’ ಅನ್ನುತ್ತಾರೆ.

ಇಂಟರ್‌ವ್ಯೂನಲ್ಲಿ ‘ವಾಟ್ ಡಝ್ ಯುವರ್ ಫಾದರ್ ಡು?’ ಬರುವುದು ಸಾಮಾನ್ಯ. ನಮ್ಮ ಹುಡುಗರು ‘ಮೈ ಫಾದರ್ ಈಸ್ ಡೂಯಿಂಗ್ ಅಗ್ರಿಕಲ್ಚರ್’ ಅನ್ನುತ್ತಾರೆ. ‘ಹೀ ಇಸ್ ಅ ಫಾರ್ಮರ್’ ಸಾಕು. ಅದಕ್ಕಿಂತ ಚೆನ್ನಾಗಿರುವುದು ಕೆಲಸವನ್ನೇ ಹೇಳುವುದು: ‘ಹೀ ಗ್ರೋಸ್ ಪ್ಯಾಡಿ ಅಂಡ್ ಶುಗರ್‌ಕೇನ್’. ಇದನ್ನು ತಲೆ ತಗ್ಗಿಸಿ ಮೆಲ್ಲಗೆ ಹೇಳುವ ಹುಡುಗರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗಟ್ಟಿಯಾಗಿ ಹೇಳಿ. ಆಗ ಎಸ್ ಕೂಡ ನುಂಗಿಹೋಗುವುದಿಲ್ಲ.

‘ಹೂ ಸೆಲ್ಸ್ ಜಾಸ್ಮಿನ್?’ ಅಂತ ಒಂದು ಕಡೆ ಓದಿದೆ. ಡಝ್ ಎಲ್ಲಿ? ಅಚ್ಚಿನ ತಪ್ಪಾ?

ಅಚ್ಚಿನ ತಪ್ಪಲ್ಲ. ಮಾಡುವವರು ಯಾರು ಅಂತಲೇ ಕೇಳಿದಾಗ ಡು–ಡಝ್ ರಜೆ ಹಾಕುತ್ತದೆ. ಮಲ್ಲಿಗೆ ಮಾರುವವರು ಯಾರು? ಅದು ಗೊತ್ತಿಲ್ಲ, ಅವರ ಜಾಗದಲ್ಲಿ ‘ಹೂ’ ಕೂತಿದೆ. ವಾಕ್ಯ ಅಲುಗಾಡಿಲ್ಲ, ಅದಕ್ಕೇ ಎಸ್ ಕೂಡ ಇದ್ದಲ್ಲೇ ಇದೆ. ‘ಯಾರನ್ನು’, ‘ಏನನ್ನು’ ಅಂತ ಕೇಳಿದರೆ ಡು ಮತ್ತೆ ಕೆಲಸಕ್ಕೆ ಬರುತ್ತದೆ: ‘ಹೂ ಲೈಕ್ಸ್ ರವಿ?’ ಅಂದರೆ ರವಿಯನ್ನು ಯಾರು ಇಷ್ಟಪಡುತ್ತಾರೆ, ‘ಹೂ ಡಝ್ ರವಿ ಲೈಕ್?’ ಅಂದರೆ ರವಿ ಯಾರನ್ನು ಇಷ್ಟಪಡುತ್ತಾನೆ. ಮದುವೆ ಮಾತುಕತೆಯಲ್ಲಿ ಇವೆರಡು ಅದಲುಬದಲಾದರೆ ಕಷ್ಟ.

ಮಾರ್ಕೆಟ್‌ನಲ್ಲಿ ರೇಟ್ ಕೇಳೋಕೆ ‘ಹೌ ಮಚ್ ಇಟ್ ಇಸ್ ಕಾಸ್ಟ್’ ಅಂತಾರೆ. ಸರೀನಾ?

ಎರಡು ಸರಿಯಾದ ವಾಕ್ಯ ಡಿಕ್ಕಿ ಹೊಡೆದುಕೊಂಡಿವೆ. ‘ಹೌ ಮಚ್ ಇಸ್ ಇಟ್?’ ಒಂದು, ‘ಹೌ ಮಚ್ ಡಝ್ ಇಟ್ ಕಾಸ್ಟ್?’ ಇನ್ನೊಂದು. ದೇವರಾಜ ಮಾರ್ಕೆಟ್‌ನಲ್ಲಿ ಕುಂಕುಮದ ರಾಶಿ ಮುಂದೆ ನಿಂತು ಕೇಳಲು ಮೊದಲನೆಯದೇ ಸಲೀಸು.

ಉಳಿದ ‘ಎಷ್ಟು’ಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಣಿಸಲು ಬಂದರೆ ಹೌ ಮೆನಿ, ಬರದಿದ್ದರೆ ಹೌ ಮಚ್. ಎಷ್ಟು ಹೊತ್ತು ಅಂದರೆ ಹೌ ಲಾಂಗ್: ‘ಹೌ ಲಾಂಗ್ ಡಝ್ ಇಟ್ ಟೇಕ್ ಟು ರೀಚ್ ಮದ್ದೂರು?’. ಎಷ್ಟು ದಿನಕ್ಕೊಂದು ಸಲ ಅಂದರೆ ಹೌ ಆಫನ್: ‘ಹೌ ಆಫನ್ ಡು ಯು ಗೋ ಟು ಚಾಮುಂಡಿ ಹಿಲ್?’.

‘ಯಾವೂರು ನಿಮ್ದು?’ ಅನ್ನೋಕೆ ‘ವೇರ್ ಆರ್ ಯು ಕಮಿಂಗ್ ಫ್ರಮ್’ ಅಂತೀನಿ. ಅವರು ‘ಫ್ರಮ್ ದ ಹೋಟೆಲ್’ ಅಂತಾರೆ.

ನೀವು ಕೇಳಿದ್ದಕ್ಕೆ ಸರಿಯಾಗಿಯೇ ಹೇಳಿದ್ದಾರೆ. ‘ಕಮಿಂಗ್’ ಅಂದರೆ ಈಗ ಎಲ್ಲಿಂದ ಬರ್ತಾ ಇದ್ದೀರಿ ಅಂತ. ಊರು ಕೇಳಲು ‘ವೇರ್ ಆರ್ ಯು ಫ್ರಮ್?’ ಅಥವಾ ‘ವೇರ್ ಡು ಯು ಕಮ್ ಫ್ರಮ್?’.

## ಬಾಯಿ ಮತ್ತು ಕಿವಿ

ಈ ‘ಎಸ್’ ಒಂದೊಂದು ಕಡೆ ಒಂದೊಂದು ಥರ ಕೇಳಿಸುತ್ತೆ. ನನ್ನ ಕಿವಿ ಸರಿ ಇಲ್ವಾ?

ಕಿವಿ ಚೆನ್ನಾಗಿದೆ. ವರ್ಕ್ಸ್, ಸ್ಟಾಪ್ಸ್‌ನಲ್ಲಿ ಅದು ‘ಸ್’. ಲಿವ್ಸ್, ಗೋಸ್, ಕಮ್ಸ್‌ನಲ್ಲಿ ದುಂಬಿ ಗುಂಯ್ ಅಂದ ಹಾಗೆ ‘ಝ್’. ಟೀಚ್, ವಾಶ್, ಕ್ಲೋಸ್‌ನಂಥವಕ್ಕೆ ಇನ್ನೊಂದು ತುಂಡೇ ಸೇರುತ್ತದೆ: ಟೀಚಿಝ್, ವಾಶಿಝ್, ಕ್ಲೋಸಿಝ್. ‘ಸೇ’ ಮಾತ್ರ ವಿಚಿತ್ರ. ‘ಸೇಸ್’ ಅಲ್ಲ, ‘ಸೆಝ್’. ಹಾಗೆಯೇ ‘ಡೂಸ್’ ಅಲ್ಲ, ‘ಡಝ್’.

ಫೋನಲ್ಲಿ ಅವರು ‘ಡು’ ಅಂತಲೇ ಅನ್ನಲ್ಲ. ನಮಗೆ ಮಾತ್ರ ಯಾಕೆ ಈ ಕಾಟ?

ಅನ್ನುತ್ತಾರೆ, ಜಗಿದು ಅನ್ನುತ್ತಾರೆ. ‘ಡು ಯು’ ಸೇರಿ ‘ಡ್ಯ’, ‘ಜ’ ಅನ್ನುವ ಹಾಗೆ ಆಗುತ್ತದೆ. ಮಂಡ್ಯದಲ್ಲಿ ‘ಏನು ಮಾಡುತ್ತಾ ಇದ್ದೀಯ’ ಅನ್ನುವುದು ‘ಏನ್ಮಾಡ್ತಿದ್ದೀಯ’ ಆಗಲ್ವಾ, ಹಾಗೆ. ಕೇಳುವಾಗ ಆ ಜಗಿತಕ್ಕೆ ಕಿವಿ ಕೊಡಿ. ಹೇಳುವಾಗ ನೀವು ಬಿಡಿಸಿಯೇ ಹೇಳಿ.

## ಸ್ವಲ್ಪ ಮುಂದೆ ಹೋದವರಿಗೆ

‘ಐ ಆಮ್ ನೋಯಿಂಗ್ ಕನ್ನಡ’ ಯಾಕೆ ತಪ್ಪು? ನಂಗೆ ಈಗ ಗೊತ್ತಿದೆ ತಾನೇ?

ಕನ್ನಡದಲ್ಲಿ ‘ಗೊತ್ತುತ್ತಾ ಇದೆ’, ‘ಬೇಕುತ್ತಾ ಇದೆ’ ಅನ್ನುತ್ತೀರಾ? ಇಲ್ಲ. ಗೊತ್ತು, ಬೇಕು, ಇಷ್ಟ, ಇದೆ, ಇವಕ್ಕೆ ‘ತಾ ಇದೆ’ ಅಂಟುವುದಿಲ್ಲ. ಇವುಗಳಿಗೆ ಇಂಗ್ಲಿಷ್‌ನಲ್ಲಿ ಸಿಗುವ ಮಾತುಗಳೂ ‘ಇಂಗ್’ ಒಲ್ಲೆ ಅನ್ನುತ್ತವೆ. ಅದಕ್ಕೆ ‘ಡು ಯು ನೋ ಕನ್ನಡ?’, ‘ಡಝ್ ಶೀ ವಾಂಟ್ ವಾಟರ್?’, ‘ಡು ಯು ಹ್ಯಾವ್ ಅ ಪೆನ್?’. ಇಲ್ಲಿ ನಮ್ಮ ಭಾಷೆಯೇ ದಾರಿ ತೋರಿಸುತ್ತಿದೆ, ನಾವು ಮಾತ್ರ ಅದನ್ನು ಬಿಟ್ಟು ಓಡುತ್ತೇವೆ.

ನಾಳೆ ಬೆಳಿಗ್ಗೆ ರೈಲಿಗೂ ‘ವೆನ್ ಡಝ್ ದ ಟ್ರೇನ್ ಲೀವ್’ ಅಂತಾರೆ. ನಾಳೆಗೆ ಆಗಲ್ಲ ಅಂದಿದ್ರಲ್ಲ?

ಹೌದು, ಸಿಕ್ಕಿಬಿದ್ದೆ. ಪಟ್ಟಿ ಹಾಕಿ ಗೋಡೆಗೆ ಅಂಟಿಸಿರುವ ಸಮಯಕ್ಕೆ, ಅಂದರೆ ರೈಲು, ಬಸ್ಸು, ಸಿನಿಮಾ, ಪರೀಕ್ಷೆಗೆ, ನಾಳೆಯದಾದರೂ ಸಿಂಪಲ್ ಪ್ರೆಸೆಂಟ್ ನಡೆಯುತ್ತದೆ. ಮನುಷ್ಯರ ಯೋಚನೆಗೆ ಸಾಮಾನ್ಯವಾಗಿ ನಡೆಯಲ್ಲ. ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಯಲು ಬರುವವರಿಗೆ ರೂಮು ಕೊಡುವ ಒಬ್ಬರು ‘ಹೌ ಲಾಂಗ್ ಡು ಯು ಸ್ಟೇ?’ ಅಂತ ಕೇಳುತ್ತಿದ್ದರು. ‘ಪ್ರತಿ ಸಲ ಬಂದಾಗ ಎಷ್ಟು ದಿನ ಇರ್ತೀರಿ’ ಅನ್ನುವ ಅರ್ಥ ಅದಕ್ಕೆ ಬರುತ್ತದೆ. ಈ ಸಲ ಎಷ್ಟು ದಿನ ಅಂತ ತಿಳಿಯಬೇಕಾದರೆ ‘ಹೌ ಲಾಂಗ್ ಆರ್ ಯು ಸ್ಟೇಯಿಂಗ್?’ ಅನ್ನಬೇಕು.

‘ಕ್ಯಾನ್ ಯು ಟೆಲ್ ಮಿ ವೇರ್ ಡಝ್ ಹೀ ಲಿವ್?’ ಇದರಲ್ಲಿ ಡಝ್ ಇದೆ, ಎಲ್ಲಾ ಇದೆ. ಆದ್ರೂ ಕೆಂಪು ಗೆರೆ ಹಾಕಿದ್ರಿ.

ಪ್ರಶ್ನೆ ‘ಕ್ಯಾನ್ ಯು’ ಅಂತ ಶುರುವಿನಲ್ಲೇ ಬಂದಾಯಿತು. ಒಂದು ವಾಕ್ಯಕ್ಕೆ ಒಂದೇ ತಲೆ. ಒಳಗೆ ಇರುವುದು ಇನ್ನು ಪ್ರಶ್ನೆ ಅಲ್ಲ, ಸಾದಾ ವಾಕ್ಯ: ‘ಕ್ಯಾನ್ ಯು ಟೆಲ್ ಮಿ ವೇರ್ ಹೀ ಲಿವ್ಸ್?’. ನೋಡಿ, ಡಝ್ ಹೋದ ಕೂಡಲೇ ಎಸ್ ಹಿಂದಿನ ಬಾಗಿಲಿಗೆ ಬಂತು. ‘ವೇರ್ ಇಸ್ ದ ಬಸ್ ಸ್ಟ್ಯಾಂಡ್’ ಕೂಡ ಹೀಗೇ: ‘ಕ್ಯಾನ್ ಯು ಟೆಲ್ ಮಿ ವೇರ್ ದ ಬಸ್ ಸ್ಟ್ಯಾಂಡ್ ಇಸ್?’. ಇಂಗ್ಲಿಷ್ ಮೀಡಿಯಂ ಓದಿದವರೂ ಇಲ್ಲಿ ತಪ್ಪುತ್ತಾರೆ.

ಎಲ್ಲಾದರ ಕೊನೇಲೂ ‘ಇಸಿಂಟ್ ಇಟ್’ ಹಾಕ್ತೀನಿ. ಅದು ‘ಅಲ್ವಾ’ ತಾನೇ?

ನಮ್ಮ ‘ಅಲ್ವಾ’ ಎಲ್ಲಿ ಬೇಕಾದರೂ ಹೊಂದಿಕೊಳ್ಳುವ ಒಳ್ಳೆಯ ಸ್ವಭಾವದ್ದು. ಇಂಗ್ಲಿಷ್‌ನದು ತನಗಿಂತ ಮೊದಲು ಬಂದ ವಾಕ್ಯ ನೋಡಿ ಬಟ್ಟೆ ಬದಲಿಸುತ್ತದೆ. ‘ಯು ಲಿವ್ ಇನ್ ಶ್ರೀರಂಗಪಟ್ಟಣ, ಡೋಂಟ್ ಯು?’, ‘ಶೀ ವರ್ಕ್ಸ್ ಹಿಯರ್, ಡಝಂಟ್ ಶೀ?’. ಗೆಳೆಯರ ನಡುವೆ ಇಸಿಂಟ್ ಇಟ್ ಅಂದರೆ ನಾನು ತಿದ್ದಲು ಹೋಗುವುದಿಲ್ಲ. ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ, ಅಷ್ಟೇ.

‘ಐ ಡು ಲೈಕ್ ಇಟ್’ ಅಂದ್ರು ಒಬ್ಬರು. ಪ್ರಶ್ನೆ ಇಲ್ಲ, ಇಲ್ಲ ಅಂತಾನೂ ಇಲ್ಲ. ಡು ಯಾಕೆ ಬಂತು?

ಒತ್ತಿ ಹೇಳಲು. ‘ನಿಮಗೆ ಇಷ್ಟ ಇಲ್ಲ ಅಂತ ಕಾಣುತ್ತೆ’ ಅಂದವರಿಗೆ ‘ಅಯ್ಯೋ, ನಿಜವಾಗ್ಲೂ ಇಷ್ಟಾನೇ’ ಅನ್ನುತ್ತೇವಲ್ಲ, ಆ ‘ನೇ’ ಇದು. ದಿನಾ ಬೇಡ, ಬೇಕಾದಾಗ ಮಾತ್ರ.

ಮನೇಲಿ ಯಾರೂ ಇಂಗ್ಲಿಷ್ ಮಾತಾಡಲ್ಲ. ಒಬ್ಬನೇ ಹೆಂಗೆ ಅಭ್ಯಾಸ ಮಾಡ್ಲಿ?

ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಸ್ತು ಹಿಡಿದು ಅದಕ್ಕೇ ಪ್ರಶ್ನೆ ಹಾಕಿ. ಮಂಡ್ಯದವರಿಗೆ ನಾನು ಕೊಡುವುದು ಕನ್ನಂಬಾಡಿ ಕಟ್ಟೆ. ಮಳೆಗಾಲದಲ್ಲಿ ಇಡೀ ಜಿಲ್ಲೆ ಬೆಳಿಗ್ಗೆ ಎದ್ದು ‘ಡ್ಯಾಮ್ ಎಷ್ಟಾಯ್ತು’ ಅಂತಲೇ ಕೇಳುತ್ತದೆ, ಅದನ್ನೇ ಇಂಗ್ಲಿಷ್‌ನಲ್ಲಿ ಕೇಳಿ. ‘ಇಸ್ ದ ಡ್ಯಾಮ್ ಫುಲ್?’ ತುಂಬಿರುವುದು ಸ್ಥಿತಿ, ಅದಕ್ಕೆ ಇಸ್. ಪೂರ್ತಿ ತುಂಬಿದರೆ 124.80 ಅಡಿ. ‘ಹೌ ಮಚ್ ವಾಟರ್ ಡಝ್ ಇಟ್ ಹೋಲ್ಡ್?’ ‘ಇಟ್ ಹೋಲ್ಡ್ಸ್ ಅಬೌಟ್ 49 ಟಿಎಂಸಿ.’ ‘ವಿಚ್ ರಿವರ್ ಫಿಲ್ಸ್ ಇಟ್?’ ತುಂಬಿಸುವುದು ಯಾವ ನದಿ ಅಂತಲೇ ಕೇಳಿದೆವು, ಡಝ್ ಬೇಡ. ‘ದ ಕಾವೇರಿ ಡಝ್.’ ‘ವೇರ್ ಡಝ್ ದ ವಾಟರ್ ಗೋ?’ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ, ಮಂಡ್ಯದ ಗದ್ದೆಗೆ. ‘ಡು ವಿ ಗೆಟ್ ಇನಫ್?’ ಈ ಕೊನೆಯ ಪ್ರಶ್ನೆಗೆ ತರಗತಿಯಲ್ಲಿ ಯಾವಾಗಲೂ ಕನ್ನಡದಲ್ಲೇ ಜಗಳ ಆಗುತ್ತದೆ.

ಮೈಸೂರಿನವರು ಇದೇ ಆಟವನ್ನು ಅರಮನೆ ಮೇಲೆ ಆಡಬಹುದು.

‘ನೀವು ಎಷ್ಟನೇ ಮಗ?’ ಅಂತ ಇಂಗ್ಲಿಷ್‌ನಲ್ಲಿ ಕೇಳೋದು ಹೇಗೆ?

ಅಂತೂ ಇದೂ ಬಂತು. ‘ಎಷ್ಟನೇ’ಗೆ ಇಂಗ್ಲಿಷ್‌ನಲ್ಲಿ ಸರಿಯಾದ ಒಂದು ಮಾತಿಲ್ಲ. ಪಟ್ಟಿಯಿಂದ ಆರಿಸುವ ಹಾಗಿದ್ದರೆ ‘ವಿಚ್’ ಹಾಕಿ ದಾಟಬಹುದು. ನಿಮ್ಮ ಮನೆ ಎಷ್ಟನೇ ಕ್ರಾಸ್? ‘ವಿಚ್ ಕ್ರಾಸ್ ಡು ಯು ಲಿವ್ ಆನ್?’ ಎಷ್ಟನೇ ಮಹಡಿ? ‘ವಿಚ್ ಫ್ಲೋರ್ ಡು ಯು ವರ್ಕ್ ಆನ್?’ ಎಷ್ಟನೇ ಮಗ ಅಂತ ಬಂದರೆ ಸುತ್ತಿ ಬಳಸಿ ಹೋಗಬೇಕು: ‘ಹೌ ಮೆನಿ ಬ್ರದರ್ಸ್ ಅಂಡ್ ಸಿಸ್ಟರ್ಸ್ ಡು ಯು ಹ್ಯಾವ್?’ ಅಂತ ಕೇಳಿ, ಅವರು ಇಬ್ಬರು ಅಂದ ಮೇಲೆ ‘ಆರ್ ಯು ದ ಎಲ್ಡೆಸ್ಟ್?’ ಅನ್ನಿ. ‘ನೋ, ಐ ಆಮ್ ನಾಟ್’ ಅಂದರೆ ಮತ್ತೆ ‘ಆರ್ ಯು ದ ಯಂಗೆಸ್ಟ್?’ ಅನ್ನಿ. ಅದೂ ಅಲ್ಲ ಅಂದರೆ ನಡುವಿನವರು. ಕನ್ನಡದಲ್ಲಿ ಒಂದೇ ಉಸಿರಿಗೆ ಮುಗಿಯುವುದಕ್ಕೆ ಅಲ್ಲಿ ಮೂರು ಪ್ರಶ್ನೆ. ‘ಹಂಗಾದ್ರೆ ಅವರೇ ಬಂದು ನಮ್ಮತ್ರ ಕಲೀಬೇಕು ಬುಡಿ ಸಾ’ ಅಂದರು ಇದನ್ನು ಕೇಳಿದ ಆಟೊದವರು.